ಶಂಕರಿಯಕ್ಕನ ದೋಣಿಯ ಹಿಂದಿನ ತಂತಿ

ನನ್ನ ಅಕ್ಕ ಶಂಕರಿಯ ಬಗ್ಗೆ ಬಂಟ್ವಾಳದ ಜನ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ನಾನು ಕನ್ನಡ ಕಲಿಸುವ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ, ಎಲ್ಲಿ ಸಿಕ್ಕಿದರೂ ಅದೇ. ನಿಮ್ಮ ಅಕ್ಕ ಈಗಲೂ ದೋಣಿಯಲ್ಲಿ ಒಬ್ಬರೇ ಹೋಗ್ತಾರಾ? ದೋಣಿಗೆ ಯಾರದೂ ಆಕ್ಷೇಪವಿಲ್ಲ, ಹೆಂಗಸು ಅನ್ನುವುದಕ್ಕೂ ಇಲ್ಲ, ಐವತ್ತಾರರ ಪ್ರಾಯಕ್ಕೂ ಇಲ್ಲ. ಆ ‘ಒಬ್ಬರೇ’ ಅನ್ನುವುದು ಮಾತ್ರ ಯಾರ ಗಂಟಲಲ್ಲೂ ಇಳಿಯುವುದಿಲ್ಲ. ಹೌದು, ಒಬ್ಬಳೇ ಹೋಗ್ತಾಳೆ, ಅಂತ ನಾನು ಹೇಳುತ್ತೇನೆ. ಹಾಗೆ ಹೇಳುವಾಗ ಆಗುವ ಹೆಮ್ಮೆಯನ್ನು ಮುಚ್ಚಿಡುವ ಅಭ್ಯಾಸ ನನಗಿಲ್ಲ. ಆದರೆ ಹೋದ ವರ್ಷ ಈ ಉತ್ತರ ಇನ್ನು ಮುಂದೆ ಹೇಳಲಿಕ್ಕಿಲ್ಲ ಎನ್ನುವ ಹಾಗೆ ಆಗಿತ್ತು. ಅದಕ್ಕೆ ಕಾರಣ ಒಂದು ತಂತಿ.

ಅಕ್ಕ ಮಿಜಾರಿನ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತಾಳೆ. ಮಂಗಳೂರಿನಲ್ಲಿ ಡಿಗ್ರಿ ಓದುವಾಗ ಎನ್‌ಸಿಸಿಯ ನೇವಲ್ ವಿಂಗ್ ಸೇರಿದ್ದಳು. ಉಳಿದ ಹುಡುಗಿಯರು ಪರೇಡಿನ ನಂತರ ಸಿಗುವ ತಿಂಡಿಗಾಗಿ ಸೇರಿದರೆ ಇವಳು ಹಾಯಿದೋಣಿಗಾಗಿ ಸೇರಿದವಳು. ರಜೆಯಲ್ಲಿ ಮನೆಗೆ ಬಂದರೆ ಅಂಗಳದಲ್ಲಿ ಒಣಹಾಕಿದ ಸೀರೆ ಗಾಳಿಗೆ ಉಬ್ಬುವುದನ್ನು ನೋಡುತ್ತ ನಿಲ್ಲುತ್ತಿದ್ದಳು. ಇದಕ್ಕೆ ಏನೋ ಆಗಿದೆ ಅಂತ ನಮ್ಮ ಅಮ್ಮ ಪೊಳಲಿ ದೇವಸ್ಥಾನಕ್ಕೆ ಹರಕೆ ಹೇಳಿಕೊಂಡದ್ದೂ ಉಂಟು. ಆಮೇಲೆ ಮದುವೆಯಾಯಿತು. ಗಂಡನ ಮನೆ ಬೆಳುವಾಯಿ. ಅಲ್ಲಿ ಗದ್ದೆ ಉಂಟು, ತೋಟ ಉಂಟು, ಕೆರೆ ಉಂಟು, ದೋಣಿ ಬಿಡುವಷ್ಟು ನೀರು ಎಲ್ಲೂ ಇಲ್ಲ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಅಂತ ಗಾದೆ. ಅಕ್ಕ ನೀರಿಗೆ ಬರಲು ಇಪ್ಪತ್ತೈದು ವರ್ಷ ತೆಗೆದುಕೊಂಡಳು.

ಬರುವಾಗ ಸುಮ್ಮನೆ ಬರಲಿಲ್ಲ, ದೋಣಿಯನ್ನು ತಾನೇ ಕಟ್ಟಿಕೊಂಡು ಬಂದಳು. ಪ್ಲೈವುಡ್ಡು ತರಿಸಿ, ನಕ್ಷೆ ತರಿಸಿ, ಕಾಲೇಜು ಮುಗಿಸಿ ಬಂದ ಮೇಲೆ ಅಡಿಕೆ ಒಣಗಿಸುವ ಅಂಗಳದ ಒಂದು ಮೂಲೆಯಲ್ಲಿ ಎರಡು ವರ್ಷ ಕೂತು ಕಟ್ಟಿದಳು. ಭಾವ ಮಹಾಲಿಂಗೇಶ್ವರ, ಊರವರ ಬಾಯಲ್ಲಿ ಮಾಲಿಂಗಣ್ಣ, ಮೊದಲ ವರ್ಷ ಅಡಿಕೆಗೆ ಜಾಗ ಸಾಲದು ಅಂತ ಗೊಣಗಿದರು. ಎರಡನೆಯ ವರ್ಷ ಬಂದವರಿಗೆಲ್ಲ ಕಾಫಿ ಕೊಡುವ ಮೊದಲು ದೋಣಿ ತೋರಿಸಲು ಶುರು ಮಾಡಿದರು.

ಹಾಯಿಗೆ ಕಂಬ ಬೇಕಲ್ಲ, ಅದು ಬಂದದ್ದು ಬೆಳ್ತಂಗಡಿಯ ಬೆಟ್ಟದ ಬುಡದಿಂದ. ಅಲ್ಲಿ ಕುಶಾಲಪ್ಪ ಗೌಡ್ರು ಅಂತ ಇದ್ದಾರೆ, ರಬ್ಬರು ಮತ್ತು ಅಡಿಕೆ ಕೃಷಿಕರು. ಅವರ ಮಗಳು ದೀಪಶ್ರೀ ಅಕ್ಕನ ವಿದ್ಯಾರ್ಥಿನಿ. ಈಗ ನಮ್ಮ ಕಡೆ ಅಡಿಕೆ ಮರ ಹತ್ತುವವರು ಸಿಗುವುದಿಲ್ಲವಲ್ಲ, ನೆಲದಲ್ಲೇ ನಿಂತು ಗೊನೆ ಕೊಯ್ಯಲು, ಮದ್ದು ಬಿಡಲು ಕಾರ್ಬನ್ ಫೈಬರಿನ ಉದ್ದನೆಯ ದೋಟಿ ಬಂದಿದೆ. ಒಂದರೊಳಗೊಂದು ಕೂರುವ ಕೊಳವೆಗಳು. ಪೂರ್ತಿ ಎಳೆದರೆ ಮರದ ತಲೆ ಮುಟ್ಟುತ್ತದೆ, ಹಿಡಿದರೆ ಭಾರವೇ ಇಲ್ಲ. ಗೌಡ್ರ ಹಳೆಯ ದೋಟಿಯೊಂದರ ತುದಿ ಕೆಟ್ಟಿತ್ತು, ಬುಡದ ಕೊಳವೆಗಳು ಗಟ್ಟಿ ಇದ್ದವು. ಅದನ್ನೇ ಜೋಡಿಸಿ ಅಕ್ಕ ಹಾಯಿಕಂಬ ಮಾಡಿದಳು. ಅಡಿಕೆ ಕೊಯ್ಯುವ ಕೋಲಿಗೆ ಹಾಯಿ ಕಟ್ಟಿದ ದೋಣಿ ಜಗತ್ತಿನಲ್ಲಿ ಬೇರೆ ಇದ್ದರೆ ನನಗೆ ತಿಳಿಸಬೇಕು.

ದೋಣಿ ಇರುವುದು ನಮ್ಮ ಬಂಟ್ವಾಳ ತಾಲೂಕಿನಲ್ಲಿ, ಸಜಿಪದ ದಡದಲ್ಲಿ. ಮಳೆಗಾಲ ಮುಗಿದು ತುಂಬೆಯಲ್ಲಿ ಅಣೆಕಟ್ಟಿನ ಬಾಗಿಲು ಹಾಕಿದರೆ ನೇತ್ರಾವತಿ ಹಿಂದಕ್ಕೆ ತುಂಬಿ ಕೆರೆಯ ಹಾಗೆ ಅಗಲವಾಗುತ್ತದೆ. ಮಧ್ಯಾಹ್ನ ಕಳೆದ ಮೇಲೆ ಕಡಲಿನ ಕಡೆಯಿಂದ ಪಡುಗಾಳಿ ನದಿಯ ಉದ್ದಕ್ಕೂ ಬರುತ್ತದೆ. ಶನಿವಾರ ಬೆಳುವಾಯಿಯಿಂದ ಸಿದ್ಧಕಟ್ಟೆ ದಾರಿಯಾಗಿ ಅಕ್ಕ, ಭಾವ ಕಾರಿನಲ್ಲಿ ಬರುವುದು, ನಮ್ಮ ಮನೆಯಲ್ಲಿ ಊಟ ಮಾಡುವುದು, ಮೂವರೂ ನದಿಗೆ ಹೋಗುವುದು, ಆಮೇಲೆ ಅಕ್ಕ ಒಬ್ಬಳೇ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿಕೊಂಡು ದೋಣಿ ಹತ್ತುವುದು. ಭಾವನಿಗೆ ಈಜು ಬಾರದು. ನನಗೆ ಬರುತ್ತದೆ, ಆದರೆ ನೀರು ಕಂಡರೆ ಆಗುವುದಿಲ್ಲ. ನಾವಿಬ್ಬರೂ ಗೋಳಿಮರದ ಬುಡದಲ್ಲಿ ಕೂತು ಚುರುಮುರಿ ತಿನ್ನುತ್ತ ಪಶ್ಚಿಮದ ಕಡೆ ಚಿಕ್ಕದಾಗುವ ಬಿಳಿ ಹಾಯಿಯನ್ನು ನೋಡುತ್ತಿದ್ದೆವು. ಒಬ್ಬಳೇ ಹೋಗುವುದು ಯಾಕೆ ಅಂತ ಒಮ್ಮೆ ಕೇಳಿದ್ದೆ. ಕಾಲೇಜಿನಲ್ಲಿ ಒಂದು ಕೆಲಸ ಮಾಡುವಾಗ ಹತ್ತು ಜನ ಕೇಳ್ತಾರೆ, ಮನೆಯಲ್ಲಿ ಮಾಡುವ ಮೊದಲೇ ಯಾರಾದರೂ ಮಾಡಿ ಮುಗಿಸ್ತಾರೆ, ದೋಣಿಯಲ್ಲಿ ಮಾತ್ರ ತಾನು ಮಾಡಿದ್ದು ಸರಿಯೋ ತಪ್ಪೋ ಅಂತ ಗಾಳಿಯೇ ಕೂಡಲೇ ಹೇಳ್ತದೆ ಅಂದಳು. ‘ಮಾಡಿ ಮುಗಿಸುವ ಯಾರಾದರೂ’ ಪಕ್ಕದಲ್ಲೇ ಕೂತು ಚುರುಮುರಿಯಲ್ಲಿ ಕಡಲೆ ಹುಡುಕುತ್ತಿದ್ದರು.

ಈಗ ತಂತಿಯ ವಿಷಯ. ಹಾಯಿಕಂಬವನ್ನು ಮುಂದೆ, ಎರಡೂ ಬದಿ, ಹಿಂದೆ ತಂತಿ ಕಟ್ಟಿ ನಿಲ್ಲಿಸುತ್ತಾರೆ. ಕಂಬದ ತುದಿಯಿಂದ ದೋಣಿಯ ಹಿಂಭಾಗಕ್ಕೆ ಬರುವ ತಂತಿಗೆ ಬ್ಯಾಕ್‌ಸ್ಟೇ ಅಂತ ಹೆಸರು. ನಾವು ಹಿಂದಿನ ತಂತಿ ಅಂತಲೇ ಕರೆದೆವು. ಉಳಿದ ತಂತಿಗಳನ್ನು ಒಮ್ಮೆ ಕಟ್ಟಿದರೆ ಆಯಿತು, ಇದನ್ನು ಮಾತ್ರ ದೋಣಿ ಓಡುವಾಗಲೇ ಎಳೆಯಬೇಕು, ಬಿಡಬೇಕು. ಅಕ್ಕ ನನಗೆ ಕಲಿಸಿದ್ದನ್ನೇ ಹೇಳುತ್ತೇನೆ. ಹಾಯಿಗೆ ಒಂದು ಹೊಟ್ಟೆ ಉಂಟು. ಗಾಳಿ ಕಡಿಮೆ ಇರುವಾಗ ದೋಣಿ ಓಡುವುದು ಆ ಹೊಟ್ಟೆಯಿಂದ. ಗಾಳಿ ಜೋರಾದಾಗ ದೋಣಿಯನ್ನು ಮಗುಚುವುದೂ ಅದೇ ಹೊಟ್ಟೆ. ಆಗ ಹಿಂದಿನ ತಂತಿ ಎಳೆದರೆ ಕಂಬ ಬಿಲ್ಲಿನ ಹಾಗೆ ಬಾಗಿ ಹಾಯಿಯ ಹೊಟ್ಟೆ ಇಳಿಯುತ್ತದೆ. ಗಾಳಿಗೆ ಎದುರಾಗಿ ಅಣೆಕಟ್ಟಿನ ಕಡೆ ಹೋಗುವಾಗ ಎಳೆಯುವುದು, ತಿರುಗಿ ಗಾಳಿಯನ್ನು ಬೆನ್ನಿಗೆ ಹಾಕಿ ಬರುವಾಗ ಬಿಡುವುದು. ಇಷ್ಟೇ. ಇಷ್ಟನ್ನು ಮಾಡಲು ಅವಳ ದೋಣಿಯಲ್ಲಿ ಇದ್ದದ್ದು ತಂತಿಯ ಬುಡಕ್ಕೆ ಕಟ್ಟಿದ ಸಪೂರ ಹಗ್ಗ ಮತ್ತು ಅವಳ ಹತ್ತು ಬೆರಳು.

ಆ ಬೆರಳುಗಳೇ ಕೈಕೊಟ್ಟವು. ಮೊದಲು ಚಾಕ್‌ಪೀಸ್ ಜಾರತೊಡಗಿತು, ಆಮೇಲೆ ಕಾಫಿ ಲೋಟ. ಬೆಳಿಗ್ಗೆ ಎದ್ದರೆ ಗಂಟುಗಳು ಊದಿ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಸಂಧಿವಾತ, ಮದ್ದು ಉಂಟು, ಆದರೆ ಹಿಂದೆ ಹೋಗುವ ಕಾಯಿಲೆ ಅಲ್ಲ ಅಂದರು ಡಾಕ್ಟರು. ಹೋದ ವರ್ಷದ ಜನವರಿಯಲ್ಲಿ ಒಂದು ಶನಿವಾರ ಗಾಳಿ ಹೊಡೆದಾಗ ಅವಳಿಗೆ ಹಗ್ಗ ಎಳೆಯಲು ಆಗಲಿಲ್ಲ. ಬೆರಳು ಮಡಚಲೇ ಇಲ್ಲವಂತೆ. ದೋಣಿ ವಾಲಿ ಅರ್ಧ ನೀರು ತುಂಬಿತು. ಹೇಗೋ ದಡಕ್ಕೆ ಬಂದವಳು ಒದ್ದೆ ಬಟ್ಟೆಯಲ್ಲಿ ಸ್ವಲ್ಪ ಹೊತ್ತು ಕೈಗಳನ್ನೇ ನೋಡುತ್ತ ಕೂತಳು.

ಭಾವ ಬೈಯಲಿಲ್ಲ. ಇನ್ನು ಮೇಲೆ ಮುಂಡಪ್ಪನನ್ನು ಜೊತೆಗೆ ಕರೆದುಕೊಂಡು ಹೋಗುವುದು ಒಳ್ಳೆಯದು ಅಂತ ಮೆತ್ತಗೆ ಹೇಳಿದರು. ಮುಂಡಪ್ಪ ಅದೇ ದಡದಲ್ಲಿ ಮೀನು ಹಿಡಿಯುವವನು, ನಮ್ಮ ದೋಣಿಯನ್ನು ನೋಡಿಕೊಳ್ಳುವವನು. ಅಕ್ಕ ಅವರ ಮಾತು ಮುಗಿಯುವವರೆಗೆ ಕಾದಳು.

"ಆ ತಂತಿಯನ್ನು ನನ್ನ ಕೈಯಲ್ಲಿ ನಾನೇ ಎಳೆದು ಬಿಡ್ಲಿಕ್ಕೆ ಆಗುವ ಹಾಗೆ ಒಂದು ಉಪಾಯ ಹುಡುಕ್ತೇನೆ. ಅದು ಆಗ್ಲಿಲ್ಲ ಅಂತಾದರೆ ದೋಣಿ ಮಾರುವ. ಇನ್ನೊಬ್ಬರು ಓಡಿಸುವ ದೋಣಿಯಲ್ಲಿ ಕೂತು ಬರ್ಲಿಕ್ಕೆ ನಾನು ಇದನ್ನು ಕಟ್ಟಿದ್ದಲ್ಲ."

ಅವಳು ಹೇಳಿದರೆ ಹೇಳಿದ್ದೇ. ಎರಡು ವರ್ಷ ಕೂತು ಕಟ್ಟಿದ ದೋಣಿಯನ್ನು ಯಾರಿಗೋ ಮಾರಿ ಶನಿವಾರ ಬೆಳುವಾಯಿಯ ಜಗಲಿಯಲ್ಲಿ ಕೂರುವ ಅಕ್ಕನನ್ನು ನೆನೆಸಿಕೊಳ್ಳಲು ನನ್ನಿಂದ ಆಗಲಿಲ್ಲ.

ಬಿ.ಸಿ.ರೋಡಿನಲ್ಲಿ ಬಾಸಿತ್ ಅನ್ನುವವರ ಹಗ್ಗ, ಸರಪಳಿ, ತಂತಿಯ ಅಂಗಡಿ ಉಂಟು. ಇಲ್ಲದ್ದನ್ನು ಎಲ್ಲಿಂದಾದರೂ ತರಿಸಿ ಕೊಡುವುದು ಅವರ ಹಟ. ಅಕ್ಕ ಚಿತ್ರ ಬರೆದು ತೋರಿಸಿದಳು. ಸ್ವಲ್ಪ ದಿನದಲ್ಲಿ ಅವರು ಮೂರು ಬಗೆಯದ್ದು ತರಿಸಿ, ಬೇಡದ್ದನ್ನು ವಾಪಸು ಕೊಡಿ ಅಂತ ಹೇಳಿ ಕಳಿಸಿದರು. ಒಂದು ಚಕ್ರ ಇರುವ ತಿರುಪು: ಚಕ್ರ ತಿರುಗಿಸಿದರೆ ತಂತಿ ಬಿಗಿಯಾಗುತ್ತದೆ. ಇನ್ನೊಂದು ಎಣ್ಣೆಯ ಒತ್ತಡದ್ದು, ಪಿಕಪ್ಪಿನ ಜಾಕಿನ ತಮ್ಮನ ಹಾಗಿದ್ದದ್ದು: ಹಿಡಿ ಒತ್ತಿದರೆ ಆನೆಯನ್ನಾದರೂ ಎಳೆಯುತ್ತದೆ. ಮೂರನೆಯದು ಸಣ್ಣ ಸಣ್ಣ ರಾಟೆಗಳ ಒಂದು ಮಾಲೆ ಮತ್ತು ಹಗ್ಗ. ನೋಡಲು ಬಾವಿಕಟ್ಟೆಯ ಸಾಮಾನಿನ ಹಾಗೆ, ಮೂರರಲ್ಲಿ ಬಡಪಾಯಿ ಅದೇ.

ಊರಿನಲ್ಲಿ ಅಭಿಪ್ರಾಯಕ್ಕೆ ಬರಗಾಲವಿಲ್ಲ. ಮೇಲೆ ಹೇಳಿದ ಮದುವೆ ಊಟದ ಪಂಕ್ತಿಯವರೂ ಒಂದೊಂದು ಹೇಳಿದರು. ನಾನು ಜಾಕಿನ ಪರ. ದುಬಾರಿಯದ್ದು ಒಳ್ಳೆಯದೇ ಇರಬೇಕು ಅನ್ನುವುದು ಫಿಸಿಕ್ಸ್ ಓದದವರ ನಂಬಿಕೆ. ಅಕ್ಕ ಒಮ್ಮೆ ಒತ್ತಿ ನೋಡಿ ಪಕ್ಕಕ್ಕಿಟ್ಟಳು. ಇದಕ್ಕೆ ಬಲ ಹೆಚ್ಚು, ದೋಟಿ ಎಲ್ಲಿವರೆಗೆ ತಾಳುತ್ತದೆ ಅಂತ ಕೈಗೆ ಗೊತ್ತೇ ಆಗುವುದಿಲ್ಲ ಅಂದಳು. ಭಾವ ಚಕ್ರದ ಪರ. ಅವರು ಯಾಕೆ ಚಕ್ರದ ಪರ ಅಂತ ತಿಳಿಯಬೇಕಾದರೆ ಬೆಳುವಾಯಿ ಮನೆಯ ತೆಂಗಿನ ಮರ ಗೊತ್ತಿರಬೇಕು.

ಆ ಮರ ಅಡುಗೆಮನೆಯ ಮಾಡಿನ ಮೇಲೆ ವಾಲಿದೆ. ಕಡಿಯಲು ಮನಸ್ಸಿಲ್ಲ, ಒಳ್ಳೆಯ ಕಾಯಿ ಬಿಡುತ್ತದೆ. ನಮ್ಮ ಕಡೆ ಎಲ್ಲರೂ ಮಾಡುವ ಹಾಗೆ ಭಾವನೂ ಅದರ ನಡುವಿಗೆ ತಂತಿ ಕಟ್ಟಿ ಹಿಂದಿನ ಹಲಸಿನ ಮರಕ್ಕೆ ಬಿಗಿದಿದ್ದಾರೆ. ನಡುವೆ ಒಂದು ತಿರುಪು. ಪ್ರತಿ ವರ್ಷ ಮಳೆಗೆ ಮೊದಲು ಆ ತಿರುಪಿಗೆ ಇನ್ನಷ್ಟು ಸುತ್ತು. ಬಿಡಿಸಿದ್ದು ಇಲ್ಲವೇ ಇಲ್ಲ. ಬಿಡಿಸಿದರೆ ಮರ ಮಾಡಿನ ಮೇಲೆ. ಹಾಗಾಗಿ ತಂತಿ ಅಂದರೆ ಭಾವನ ಲೆಕ್ಕದಲ್ಲಿ ಬಿಗಿಯುವುದು, ಮತ್ತೂ ಬಿಗಿಯುವುದು. ಅವರ ಈ ಗುಣ ತಂತಿಗೆ ಮಾತ್ರ ಮೀಸಲಲ್ಲ. ಭಾವ ಮುಚ್ಚಿದ ಉಪ್ಪಿನಕಾಯಿ ಬಾಟಲಿ ತೆರೆಯಲು ಭಾವನೇ ಬೇಕು. ಅವರು ನಿಲ್ಲಿಸಿದ ನಲ್ಲಿ ತಿರುಗಿಸಲಾಗದೆ ನಾನು ಕೈ ತೊಳೆಯದೆ ಊಟಕ್ಕೆ ಕೂತದ್ದುಂಟು. ಹುಟ್ಟುಗುಣ ಸುಟ್ಟರೂ ಹೋಗದು. ಪ್ರೀತಿ ಇರುವ ಮನುಷ್ಯ, ಪ್ರೀತಿಯೂ ಹಾಗೇ ಬಿಗಿ.

ಅಕ್ಕನಿಗೆ ಮನಸ್ಸಿನಲ್ಲಿ ರಾಟೆ ಇತ್ತೋ ಏನೋ. ಆದರೆ ಭಾವ ಅಷ್ಟು ಆಸೆಯಿಂದ ಹೇಳುವಾಗ ಒಮ್ಮೆ ಅದನ್ನೇ ಹಾಕಿ ನೋಡುವ ಅಂದಳು. ಚಕ್ರ ದೊಡ್ಡದಿತ್ತು, ಅಂಗೈಯಲ್ಲಿ ಒತ್ತಿ ತಿರುಗಿಸಬಹುದಿತ್ತು. ಕಂಬ ಬಿಚ್ಚಿ ತಂದು ಮನೆಯಂಗಳದಲ್ಲಿ ನಿಲ್ಲಿಸಿ, ಮಧ್ಯಾಹ್ನ, ಕೈ ಸ್ವಲ್ಪ ಸಡಿಲವಿದ್ದ ಹೊತ್ತಿನಲ್ಲಿ ಎರಡು ಮೂರು ಸಲ ಮಾಡಿ ನೋಡಿದಳು. ಆಗುತ್ತದೆ ಅನ್ನಿಸಿತು.

ಫೆಬ್ರವರಿಯ ಶನಿವಾರ. ದೋಣಿ ಸಜ್ಜಾಗಿತ್ತು. ಅಕ್ಕ ಹೊಳೆಬದಿಯ ಮುಂಡಪ್ಪನ ಮನೆಯಲ್ಲಿ ಬಟ್ಟೆ ಬದಲಾಯಿಸಲು ಹೋದಳು, ನಾನು ಚುರುಮುರಿಗೆ ಹೋದೆ. ನಾವು ವಾಪಸು ಬಂದಾಗ ಭಾವ ದೋಣಿಯ ಹತ್ತಿರ ನಿಂತು ಬೈರಾಸಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು. ಅಕ್ಕ ಹೊರಟಳು. ಗಾಳಿ ಚೆನ್ನಾಗಿತ್ತು. ಕಂಬ ಬಾಗಿತ್ತು, ಹಾಯಿ ಹಪ್ಪಳದ ಹಾಗೆ ಚಪ್ಪಟೆ, ದೋಣಿ ಗಾಳಿಗೆ ಎದುರಾಗಿ ನೆಟ್ಟಗೆ ಹೋಯಿತು. ಭಾವ ಚುರುಮುರಿ ತಿನ್ನದೆ ನಿಂತೇ ನೋಡಿದರು, ಮುಖದಲ್ಲಿ ಸಂತೋಷ ತುಂಬಿತ್ತು.

ಅತ್ತ ಕಡೆ ಹೋಗಿ ದೋಣಿ ತಿರುಗಿತು. ಇನ್ನು ಗಾಳಿ ಬೆನ್ನಿಗೆ, ತಂತಿ ಬಿಡಬೇಕು. ಅವಳು ಹಿಂದಕ್ಕೆ ಬಗ್ಗುವುದು ಕಂಡಿತು. ಬಗ್ಗಿದವಳು ಏಳಲಿಲ್ಲ. ಕಂಬ ಬಾಗಿದ್ದು ಬಾಗಿದ ಹಾಗೇ ಇತ್ತು. ಆಗ ಒಂದು ಗಾಳಿ ಬಂತು, ನಮ್ಮ ಗೋಳಿಮರದ ಎಲೆಗಳೆಲ್ಲ ಅಡಿಮೇಲಾಗಿ ಬೆಳ್ಳಗಾದವು. ಮೊದಲು ಕಂಬ ಎರಡಾದದ್ದು ಕಂಡಿತು, ಆಮೇಲೆ ಸದ್ದು ಬಂತು, ಬೆಂಕಿಯಲ್ಲಿ ಬಿದಿರು ಒಡೆಯುವಂಥ ಸದ್ದು. ಹಾಯಿ ಅವಳ ಮೇಲೆ ಬಿತ್ತು. ಭಾವ ಮೊಣಕಾಲುವರೆಗೆ ನೀರಿಗೆ ಇಳಿದು ಅಲ್ಲೇ ನಿಂತುಬಿಟ್ಟರು. ನಾನು ಮುಂಡಪ್ಪನನ್ನು ಕೂಗಿದೆ. ನಾನು ಕೂಗುವ ಮೊದಲೇ ಅವನು ಅರ್ಧ ದಾರಿ ಹೋಗಿದ್ದ.

ಅಕ್ಕನಿಗೆ ಏನೂ ಆಗಿರಲಿಲ್ಲ. ಮುಂಡಪ್ಪ ಎಳೆದುಕೊಂಡು ಬಂದ ದೋಣಿಯಿಂದ ಇಳಿದು ತುಂಡಾದ ದೋಟಿಯನ್ನು ದಡದ ಮೇಲಿಟ್ಟಳು. ಚಕ್ರದಲ್ಲಿ ಒಂದು ಸುತ್ತೂ ಬಾಕಿ ಇರಲಿಲ್ಲ, ತಿರುಗಿಸಿದರೆ ಅಲುಗಲಿಲ್ಲ ಅಂದಳು. ತಾನು ಅಷ್ಟು ಬಿಗಿ ಮಾಡಿರಲಿಲ್ಲ ಅಂತ ತನಗೇ ಹೇಳಿಕೊಳ್ಳುವ ಹಾಗೆ ಹೇಳಿದಳು. ಆಗ ಭಾವ ಬಾಯಿಬಿಟ್ಟರು.

"ನಾನೇ ಮಾಡಿದ್ದು ಶಂಕರಿ. ನೀನು ಬಟ್ಟೆ ಬದಲಾಯಿಸ್ಲಿಕ್ಕೆ ಹೋದಾಗ ಕೊನೆಯವರೆಗೆ ತಿರುಗಿಸಿದೆ. ಒಮ್ಮೆ ಸರಿಯಾಗಿ ಬಿಗಿ ಮಾಡಿ ಇಟ್ರೆ ನಿನ್ನ ಕೈಗೆ ಮತ್ತೆ ಕಷ್ಟ ಇರುವುದಿಲ್ಲ ಅಂತ."

ಇಂಥ ತಪ್ಪು ಮಾಡಲು ತೆಂಗಿನ ಮರಕ್ಕೆ ತಂತಿ ಕಟ್ಟುವ ಊರಿನಲ್ಲೇ ಹುಟ್ಟಬೇಕು. ನನಗೆ ಭಾವನ ಮೇಲೆ ಸಿಟ್ಟೂ ಬಂತು, ಪಾಪ ಅನ್ನಿಸಿತು ಕೂಡ. ಅಕ್ಕನಿಗೆ ಸಿಟ್ಟು ಮಾತ್ರ ಬಂತು. ಅದು ತೆಂಗಿನ ಮರ ಅಲ್ಲ, ಅಂದಳು. ಅದು ಬಾಗಲಿಕ್ಕೂ ಬೇಕು, ನೆಟ್ಟಗಾಗಲಿಕ್ಕೂ ಬೇಕು ಅಂದಳು. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಆ ಸಂಸಾರದಲ್ಲಿ ನೀರಿಗೆ ಎಳೆಯುವುದು ಯಾರು ಅಂತ ಎಲ್ಲರಿಗೂ ಗೊತ್ತು. ಅವತ್ತು ಏರಿನ ಕಡೆಯವರು ಗೆದ್ದ ಹಾಗೆ ಕಂಡಿತು. ಗೆದ್ದವರ ಮುಖ ನೋಡಲಾಗುತ್ತಿರಲಿಲ್ಲ.

ಎರಡು ವಾರ ದೋಣಿಯ ಸುದ್ದಿ ಇಲ್ಲ. ದೋಣಿ ಮಾರುತ್ತಾಳೆ ಅಂತಲೇ ನಾನು ಅಂದುಕೊಂಡೆ. ಆಮೇಲೆ ಒಂದು ದಿನ ಕುಶಾಲಪ್ಪ ಗೌಡ್ರು ಜೀಪಿನ ಮೇಲೆ ಇನ್ನೊಂದು ಹಳೆಯ ದೋಟಿ ಕಟ್ಟಿಕೊಂಡು ಬೆಳುವಾಯಿಗೆ ಬಂದರು. ಅಕ್ಕನೇ ಫೋನು ಮಾಡಿದ್ದಳು. ತಾನೂ ಶುರುವಿನಲ್ಲಿ ಎರಡು ದೋಟಿ ಮುರಿದವನು, ಅದು ಬಾಗುವುದು ಕಂಡು ಹೆದರಿ ಗಟ್ಟಿ ಹಿಡಿದದ್ದಕ್ಕೇ ಮುರಿದದ್ದು ಅಂತ ಭಾವನಿಗೆ ಸಮಾಧಾನ ಹೇಳಿ, ಊಟ ಮಾಡಿ ಹೋದರು. ಭಾವನಿಗೆ ಸಮಾಧಾನವಾಗಲಿಲ್ಲ. ಹೊಸ ಕಂಬ ಜೋಡಿಸುವಾಗ ಅವರು ಅಕ್ಕನಿಂದ ನಾಲ್ಕು ಮಾರು ದೂರ, ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತಿದ್ದರು.

ಈ ಸಲ ಅಕ್ಕ ಆರಿಸಿದ ರೀತಿಯೇ ಬೇರೆ. ಇಷ್ಟರವರೆಗೆ ನಾವೆಲ್ಲ, ಅವಳನ್ನೂ ಸೇರಿಸಿ, ಎಳೆಯುವುದು ಯಾವುದರಲ್ಲಿ ಸುಲಭ ಅಂತ ನೋಡುತ್ತಿದ್ದೆವು. ಈಗ ಅವಳು ಬಿಡುವುದು ಯಾವುದರಲ್ಲಿ ಸುಲಭ ಅಂತ ನೋಡಿದಳು. ಅದನ್ನೂ ಮಧ್ಯಾಹ್ನ ನೋಡಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ, ಮದ್ದು ತೆಗೆದುಕೊಳ್ಳುವ ಮೊದಲು, ಬೆರಳುಗಳು ಮರದ ತುಂಡಿನ ಹಾಗಿರುವ ಹೊತ್ತಿನಲ್ಲಿ, ಅಂಗಳದಲ್ಲಿ ನಿಲ್ಲಿಸಿದ ಹೊಸ ಕಂಬದ ಹತ್ತಿರ ಬಂದು ನೋಡಿದಳು. ಒಳ್ಳೆಯ ಹೊತ್ತಿನಲ್ಲಿ ಎಲ್ಲವೂ ನಡೆಯುತ್ತದೆ, ಕೆಟ್ಟ ಹೊತ್ತಿನಲ್ಲಿ ನಡೆಯುವುದು ಬೇಕು ಅಂದಳು. ಆ ವಾರ ನಾನು ರಜೆಯಲ್ಲಿ ಅಲ್ಲೇ ಇದ್ದೆ. ಊದಿದ ಕೈಯಲ್ಲಿ ಬಾಗಿಲಿನ ಚಿಲಕ ತೆಗೆಯಲು ಪಡುವ ಕಷ್ಟ ನೋಡಲಾಗದೆ ನಾನು ಎದ್ದರೆ, ಕೂತುಕೋ ಅಂತ ಕಣ್ಣಲ್ಲೇ ಹೇಳಿದಳು. ಚಿಲಕ ತೆಗೆದಳು, ಅಂಗಳಕ್ಕೆ ಇಳಿದಳು, ಹಗ್ಗಕ್ಕೆ ಕೈ ಹಾಕಿದಳು. ನನ್ನ ಅಕ್ಕನಷ್ಟು ಗಟ್ಟಿ ಜೀವವನ್ನು ನಾನು ಕಂಡಿಲ್ಲ.

ಚಕ್ರ ಮತ್ತು ಜಾಕು ಬಾಸಿತರ ಅಂಗಡಿಗೆ ವಾಪಸು ಹೋದವು. ಉಳಿದದ್ದು ರಾಟೆಯ ಮಾಲೆ. ಒಂದು ರಾಟೆ ಇನ್ನೊಂದನ್ನು ಎಳೆದು, ಅದು ಮತ್ತೊಂದನ್ನು ಎಳೆದು, ಕೊನೆಗೆ ಕೈಗೆ ಬರುವಾಗ ಭಾರ ಮಗುವೂ ಎಳೆಯುವಷ್ಟು ಆಗುತ್ತದೆ. ಅಂಗಡಿಯ ಸಪೂರ ಹಗ್ಗದ ಬದಲು ದಪ್ಪದ, ಮೆತ್ತಗಿನ ಹಗ್ಗ ಹಾಕಿದಳು. ಹಗ್ಗದ ತುದಿಗೆ ಹಲಸಿನ ಮರದ ಒಂದು ಗೇಣುದ್ದದ ತುಂಡು ಕಟ್ಟಿದಳು. ಬೆರಳು ಬೇಡ, ಮೊಣಕೈಯ ಮಡಿಕೆಯಲ್ಲಿ ಆ ತುಂಡನ್ನು ಸಿಕ್ಕಿಸಿ ಮೈ ಹಿಂದಕ್ಕೆ ವಾಲಿಸಿದರೆ ತಂತಿ ಬಿಗಿಯಾಗುತ್ತದೆ. ಹಗ್ಗ ಜಾರದ ಹಾಗೆ ಕಚ್ಚಿ ಹಿಡಿಯಲು ದೋಣಿಯ ಅಂಚಿನಲ್ಲಿ ಹಲ್ಲಿನ ಕಟ್ಟು ಉಂಟು, ಮೊಣಕೈಯಿಂದಲೇ ಹಗ್ಗಕ್ಕೆ ಮೇಲಕ್ಕೆ ಒಂದು ಏಟು ಕೊಟ್ಟರೆ ಅದು ಹಲ್ಲಿನಿಂದ ಬಿಟ್ಟುಹೋಗುತ್ತದೆ. ಜೊತೆಗೆ ಹಗ್ಗದ ಒಂದು ಕಡೆ ಒಂದು ದಪ್ಪ ಗಂಟು ಹಾಕಿದಳು. ಕಂಬ ಎಷ್ಟು ಬಾಗಬಹುದೋ ಅಷ್ಟು ಬಾಗಿದ ಕೂಡಲೇ ಗಂಟು ರಾಟೆಗೆ ಸಿಕ್ಕಿ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚು ಎಳೆಯಲು ಯಾರಿಂದಲೂ ಆಗದು. ಯಾರಿಂದಲೂ ಅನ್ನುವಾಗ ಅವಳು ಯಾರ ಕಡೆಯೂ ನೋಡಲಿಲ್ಲ. ನಾನು ಅದಕ್ಕೆ ಮಾಲಿಂಗನ ಗಂಟು ಅಂತ ಹೆಸರಿಟ್ಟೆ. ಭಾವ ಬಹಳ ದಿನದ ಮೇಲೆ ನಕ್ಕರು.

ಒಂದು ವಿಷಯ ಮಾತ್ರ ಭಾವನಿಗೆ ಸರಿಕಾಣಲಿಲ್ಲ. ಅಕ್ಕ ಹಗ್ಗಕ್ಕೆ ಎರಡು ತುದಿ ಬಿಟ್ಟಿದ್ದಳು, ದೋಣಿಯ ಎಡಕ್ಕೊಂದು ಬಲಕ್ಕೊಂದು. ಎರಡಕ್ಕೂ ಮರದ ತುಂಡು, ಎರಡಕ್ಕೂ ಹಲ್ಲಿನ ಕಟ್ಟು. ಕೂರುವವಳು ಒಬ್ಬಳು, ತುದಿ ಎರಡು ಯಾಕೆ ಅಂತ ಕೇಳಿದರು. ಗಾಳಿ ನೋಡಿಕೊಂಡು ಬದಿ ಬದಲಾಯಿಸಿ ಕೂರಬೇಕಲ್ಲ, ಎರಡೂ ಬದಿಗೆ ಬೇಕು ಅಂದಳು. ಅದು ಸರಿಯೇ ಇತ್ತು. ಆದರೂ ಭಾವ ಆ ಎರಡನೆಯ ತುದಿಯನ್ನು ಸ್ವಲ್ಪ ಹೊತ್ತು ನೋಡಿದರು, ಮುಟ್ಟಲಿಲ್ಲ.

ಮಾರ್ಚ್ ತಿಂಗಳಲ್ಲಿ ಪುನಃ ನದಿಗೆ ಹೋದೆವು. ಇದಾಗದಿದ್ದರೆ ದೋಣಿ ಮಾರುವುದೇ ಅಂತ ಅಕ್ಕ ಕಾರಿನಲ್ಲಿ ಇನ್ನೊಮ್ಮೆ ಹೇಳಿದ್ದಳಂತೆ. ಅವತ್ತು ಕೈ ಚೆನ್ನಾಗಿರಲಿಲ್ಲ, ಊಟದ ಹೊತ್ತಿಗೆ ಚಮಚ ಕೇಳಿದ್ದಳು. ಇನ್ನೊಂದು ವಾರ ಕಾಯುವ ಅಂತ ನಾನು ಹೇಳಿದೆ. ಇಂಥ ದಿನವೇ ನೋಡಬೇಕು ಅಂದಳು. ಭಾವ ದೋಣಿಯ ಹತ್ತಿರ ಹೋಗಲೇ ಇಲ್ಲ, ಗೋಳಿಮರದ ಬುಡದಲ್ಲಿ ಕೂತು ಬೈರಾಸನ್ನು ಹಿಂಡುತ್ತಿದ್ದರು. ಒಣಗಿದ ಬೈರಾಸು ಅದು.

ದೋಣಿ ಪಶ್ಚಿಮಕ್ಕೆ ಹೋಯಿತು. ಗಾಳಿ ಏರಿದಾಗ ಅವಳು ಹಿಂದಕ್ಕೆ ವಾಲಿದಳು, ಕಂಬ ಬಾಗಿತು, ಬಾಗಿ ಅಷ್ಟಕ್ಕೇ ನಿಂತಿತು. ಗಂಟು ಕೆಲಸ ಮಾಡಿತು ಅಂತ ನಾನು ಅಂದೆ. ಹೋಗಿ ಹೋಗಿ ಹಾಯಿ ಸಣ್ಣದಾಯಿತು, ತಿರುಗಿತು. ಹೋದ ಸಲ ಮುರಿದದ್ದು ಇಲ್ಲೇ. ಭಾವ ಎದ್ದು ನಿಂತರು. ಗೋಳಿಮರದ ಎಲೆಗಳು ಮತ್ತೆ ಬೆಳ್ಳಗಾದವು. ಅಷ್ಟು ದೂರದಲ್ಲಿ ಅವಳ ಮೊಣಕೈ ಕಾಣುವುದಿಲ್ಲ. ಕಂಡದ್ದು ಕಂಬ ಮಾತ್ರ. ಅದು ಒಮ್ಮೆಗೇ ನೆಟ್ಟಗಾಯಿತು, ಹಾಯಿ ಹೊಟ್ಟೆ ತುಂಬಿಕೊಂಡಿತು, ದೋಣಿ ನಮ್ಮ ಕಡೆಗೆ ಓಡಿ ಬರತೊಡಗಿತು. ನನ್ನ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಬೈರಾಸು ಕೇಳೋಣವೆಂದರೆ ಭಾವನಿಗೇ ಅದು ಬೇಕಾಗಿತ್ತು.

ದಡಕ್ಕೆ ಬಂದ ಅಕ್ಕ ಇಳಿಯಲಿಲ್ಲ. ಕೈ ಹೇಗುಂಟು ಅಂತ ಕೇಳಿದೆ. ನೋವುಂಟು ಅಂದಳು, ಮುಖ ಮಾತ್ರ ಹದಿನೆಂಟು ವರ್ಷದ ಎನ್‌ಸಿಸಿ ಹುಡುಗಿಯದ್ದು. ದೋಣಿಯ ಒಳಗಿನಿಂದ ಇನ್ನೊಂದು ಲೈಫ್ ಜಾಕೆಟ್ ತೆಗೆದು ಭಾವನ ಕಡೆ ಎಸೆದಳು. ಭಾವ ಅದನ್ನು ಹಿಡಿದುಕೊಂಡು ಏನು ಮಾಡುವುದೆಂದು ತಿಳಿಯದೆ ನಿಂತರು.

"ಎರಡನೆಯ ತುದಿ ಯಾಕೆ ಅಂತ ಕೇಳಿದ್ರಲ್ಲ ನೀವು. ಇವತ್ತು ನಾನು ಒಬ್ಬಳೇ ಹೋಗಿ ಬಂದೆ, ಇನ್ನೂ ಸ್ವಲ್ಪ ವರ್ಷ ಹೋಗ್ತೇನೆ. ಆದರೆ ಈ ಮೊಣಕೈಯೂ ನಿಲ್ಲುವ ದಿನ ಬರ್ತದೆ. ಆಗ ನಾನು ದೋಣಿ ಮಾರುವುದಿಲ್ಲ. ನೀವು ಆ ಬದಿಯಲ್ಲಿ ಕೂತಿರಬೇಕು. ಎಳೆಯುವುದು ನಿಮಗೆ ಗೊತ್ತುಂಟು. ನಾನು ಹೇಳಿದ ಕೂಡಲೇ ಬಿಡುವುದನ್ನು ಇವತ್ತಿನಿಂದ ಕಲೀರಿ."

ಈಜು ಬಾರದ, ಅರುವತ್ತು ದಾಟಿದ, ಸ್ನಾನದ ತೊಟ್ಟಿಯಲ್ಲೂ ಜಾಗ್ರತೆಯಿಂದ ನಿಲ್ಲುವ ನನ್ನ ಭಾವ ಪಂಚೆ ಎತ್ತಿ ಕಟ್ಟಿದರು. ಜಾಕೆಟ್ಟಿನ ಪಟ್ಟಿಗಳನ್ನು ಉಸಿರು ಕಟ್ಟುವಷ್ಟು ಬಿಗಿದುಕೊಂಡರು. ಮುಂಡಪ್ಪ ಬಂದು ಅದನ್ನು ಸ್ವಲ್ಪ ಸಡಿಲು ಮಾಡಿದ. ನಾನು ದೋಣಿಯನ್ನು ದೂಡಿದೆ.

ಅವರು ತುಂಬ ದೂರ ಹೋಗಲಿಲ್ಲ, ಮಾತು ಕೇಳುವಷ್ಟು ಹತ್ತಿರದಲ್ಲೇ ಇದ್ದರು. ಎಳೀರಿ ಅಂದಳು ಅಕ್ಕ. ಕಂಬ ಕೂಡಲೇ ಬಾಗಿ ಗಂಟಿಗೆ ಬಂದು ನಿಂತಿತು. ದೋಣಿ ತಿರುಗಿತು. ಬಿಡಿ ಅಂದಳು. ಕಂಬ ಬಾಗಿಯೇ ಇತ್ತು. ಭಾವ ಮರದ ತುಂಡನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು ಕೂತದ್ದು ನನಗೆ ದಡದಿಂದ ಕಾಣುತ್ತಿತ್ತು. ಅಕ್ಕ ದನಿ ಏರಿಸಲಿಲ್ಲ, ಚುಕ್ಕಾಣಿಯಿಂದ ಕೈ ತೆಗೆಯಲಿಲ್ಲ, ಅವರ ಕೆಲಸವನ್ನು ತಾನು ಮಾಡಲು ಹೋಗಲಿಲ್ಲ.

"ಬಿಡಿ. ನಾನಿದ್ದೇನೆ."

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕುಶಾಲಪ್ಪ ಗೌಡ್ರ ದೋಟಿ ಮೆಲ್ಲಗೆ ನೆಟ್ಟಗಾಯಿತು.